ಅಣ್ಣನ ಹಾಡೂ ಬೇಕು, ಅಣ್ಣನ ಲೆಕ್ಕವೂ ಬೇಕು



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ. ಕೆಲವರಿಗೆ ಬೇಜಾರಾಗಬಹುದು. ಬೈಯೋದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ನನ್ನ ಅಕ್ಕನ ಮಗ ಡಿಗ್ರಿ ಎರಡನೇ ವರ್ಷ ಓದ್ತಿದ್ದಾನೆ. ಕನ್ನಡದಲ್ಲಿ ರ‍್ಯಾಪ್ ಬರೀತಾನೆ, ಹಾಡ್ತಾನೆ. ಅವನ ಹಾಸ್ಟೆಲ್ ಹುಡುಗರೆಲ್ಲ ಸೇರಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಪ್ರಪಂಚದ ಬೇರೆ ಬೇರೆ ಕಡೆ ಹಾಡನ್ನೇ ಹೋರಾಟ ಮಾಡಿಕೊಂಡವರ ಬಗ್ಗೆ ಒಬ್ಬೊಬ್ಬರು ಮಾತಾಡಬೇಕಂತೆ. ಇವನ ಪಾಲಿಗೆ ಬಂದವನು ಹೈಟಿ ದೇಶದ ವೈಕ್ಲೆಫ್ ಜಾನ್. ನಾಲ್ಕು ಪುಟ ಬರೆದು 'ಚಿಕ್ಕಮ್ಮ, ತಪ್ಪಿದ್ರೆ ತಿದ್ದಿ ಕೊಡಿ' ಅಂತ ವಾಟ್ಸಾಪ್ ಮಾಡಿದ್ದ.

ಚೆನ್ನಾಗಿ ಬರೆದಿದ್ದ. ಆದರೆ ಬರಹ 2010ರ ಭೂಕಂಪಕ್ಕೆ ಬಂದು ನಿಂತುಬಿಟ್ಟಿತ್ತು. ಅವಶೇಷದ ನಡುವೆ ವೈಕ್ಲೆಫ್ ಹೆಣ ಹೊರುತ್ತಿದ್ದಾನೆ, ಅಲ್ಲಿಗೆ ಮುಕ್ತಾಯ. ಫೋನ್ ಮಾಡಿ 'ಆಮೇಲಿಂದು ಎಲ್ಲಿ ಮಗಾ?' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಗೊತ್ತು ಚಿಕ್ಕಮ್ಮ. ಅದನ್ನ ಹೇಳಿದ್ರೆ ನಮ್ಮೋರನ್ನ ನಾವೇ ಬೈದಂಗೆ ಆಗಲ್ವಾ? ಬೈಯೋಕೆ ಅವರು ಇದ್ದಾರಲ್ಲ' ಅಂದ.

ಈ ಮಾತು ಮೂರು ದಿನದಿಂದ ತಲೇಲಿ ಕೂತಿದೆ. ಅದಕ್ಕೇ ಬರೀತಿದ್ದೀನಿ.

ಮೊದಲು ವೈಕ್ಲೆಫ್ ಯಾರು ಅಂತ ಹೇಳ್ತೀನಿ. 2006ರಲ್ಲಿ ಶಕೀರಾ ಜೊತೆ ಆತ ಹಾಡಿದ ಹಾಡು ನಮ್ಮೂರ ಮದುವೆ ಮನೆ ಸ್ಪೀಕರ್‌ನಲ್ಲೂ ಕೇಳಿಸುತ್ತಿತ್ತು, ಹಾಗಾಗಿ ದನಿ ನಿಮಗೆ ಗೊತ್ತು. ಮನುಷ್ಯ ಗೊತ್ತಿರಲಿಕ್ಕಿಲ್ಲ.

ಹುಟ್ಟಿದ್ದು 1969ರಲ್ಲಿ, ಹೈಟಿಯ ರಾಜಧಾನಿ ಪೋರ್ಟ್ ಓ ಪ್ರಿನ್ಸ್ ಪಕ್ಕದ ಕ್ರುವಾ ದೆ ಬುಕೆ ಅನ್ನೋ ಊರಲ್ಲಿ. ಅಪ್ಪ ಚರ್ಚಿನ ಪಾಸ್ಟರ್. ಬೈಬಲ್ಲನ್ನು ಜನರ ಭಾಷೆಗೆ ತಂದ ಇಂಗ್ಲೆಂಡಿನ ಜಾನ್ ವಿಕ್ಲಿಫ್ ಹೆಸರನ್ನೇ ಮಗನಿಗೆ ಇಟ್ಟರು. ಬಡತನ. ಒಂಬತ್ತನೇ ವಯಸ್ಸಿಗೆ ಅಮೆರಿಕಾಕ್ಕೆ, ಮೊದಲು ನ್ಯೂಯಾರ್ಕಿನ ಬ್ರೂಕ್ಲಿನ್, ಆಮೇಲೆ ನ್ಯೂಜೆರ್ಸಿ. ಮನೆಮಾತು ಕ್ರಿಯೋಲ್. ಇಂಗ್ಲಿಷ್ ಬಾರದ ಹುಡುಗ ರ‍್ಯಾಪ್ ಕೇಳುತ್ತಾ ಇಂಗ್ಲಿಷ್ ಕಲಿತ. ಅಪ್ಪನಿಗೆ ರ‍್ಯಾಪ್ ಅಂದರೆ ಆಗುತ್ತಿರಲಿಲ್ಲ. ಮನೆಯಲ್ಲಿ ಚರ್ಚಿನ ಸಂಗೀತ ಮಾತ್ರ.

ಹೈಟಿ ಅಂದರೆ ಏನು ಅಂತ ತಿಳಿಯದೆ ಈ ಮನುಷ್ಯ ಅರ್ಥ ಆಗಲ್ಲ. ನಮ್ಮ ಕರ್ನಾಟಕದ ಏಳನೇ ಒಂದು ಭಾಗದಷ್ಟು ನೆಲ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿಯೋಕೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು 1791ರಲ್ಲಿ ತಿರುಗಿಬಿದ್ದರು. ಹದಿಮೂರು ವರ್ಷ ಹೋರಾಡಿ, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರ ದೇಶ ಮಾಡಿಕೊಂಡರು. ಗುಲಾಮರು ತಾವೇ ಎದ್ದು ಯಜಮಾನರನ್ನು ಓಡಿಸಿ ಕಟ್ಟಿದ ದೇಶ ಅದು. ಜನವರಿ 1ರಂದು ಭೀಮಾ ಕೋರೆಗಾಂವ್ ನೆನೆಯುವ ನಾವು ಹೈಟಿಯನ್ನೂ ನೆನೆಯಬೇಕು ಅಂತ ನನಗೆ ಪ್ರತಿ ವರ್ಷ ಅನ್ನಿಸುತ್ತೆ.

ಗೆದ್ದದ್ದಕ್ಕೆ ಶಿಕ್ಷೆ ಏನು ಗೊತ್ತಾ? 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಯಾರಿಗೆ ಪರಿಹಾರ? ಗುಲಾಮರನ್ನು ಕಳೆದುಕೊಂಡ ಯಜಮಾನರಿಗೆ! ಮುಂದೆ ಅದನ್ನು 9 ಕೋಟಿಗೆ ಇಳಿಸಿದರು. ಅಷ್ಟು ಕಟ್ಟೋಕೆ ಹೈಟಿ ಫ್ರೆಂಚ್ ಬ್ಯಾಂಕುಗಳಿಂದಲೇ ಸಾಲ ತೆಗೆಯಬೇಕಾಯಿತು. ಅಸಲು, ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ತೀರಿಸೋಕೆ ನೂರು ವರ್ಷಕ್ಕೂ ಮೀರಿ ಹಿಡಿಯಿತು. ಜೀತದಿಂದ ಬಿಡಿಸಿಕೊಂಡವನ ಕೈಯಲ್ಲೇ ಗೌಡನಿಗೆ ನಷ್ಟ ಕಟ್ಟಿಸಿಕೊಂಡ ಹಾಗೆ. ಹೈಟಿ ಯಾಕೆ ಬಡ ದೇಶ ಅಂತ ಕೇಳುವವರು ಈ ಲೆಕ್ಕದಿಂದ ಶುರು ಮಾಡಬೇಕು.

ವೈಕ್ಲೆಫ್ ಬೆಳೆದ ಅಮೆರಿಕಾದಲ್ಲಿ ಹೈಟಿಯವನು ಅಂದರೆ ಮುಟ್ಟಬಾರದವನು. ಈ ಪದವನ್ನ ಯೋಚನೆ ಮಾಡಿಯೇ ಬರೀತಿದ್ದೀನಿ. 1983ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ಏಡ್ಸ್ ಅಪಾಯದ ಗುಂಪುಗಳ ಪಟ್ಟಿಯಲ್ಲಿ ಹೈಟಿಯವರನ್ನು ದೇಶದ ಹೆಸರಿನಲ್ಲೇ ಸೇರಿಸಿತು. 1990ರಲ್ಲಿ ಹೈಟಿಯವರ ರಕ್ತವನ್ನು ರಕ್ತದಾನಕ್ಕೆ ತೆಗೆದುಕೊಳ್ಳಬಾರದು ಅಂತ ನಿಯಮ ಬಂತು. ರಕ್ತಕ್ಕೇ ಅಸ್ಪೃಶ್ಯತೆ! ಆ ವರ್ಷ ಏಪ್ರಿಲ್ 20ರಂದು ಐವತ್ತು ಸಾವಿರಕ್ಕೂ ಹೆಚ್ಚು ಜನ ಬ್ರೂಕ್ಲಿನ್ ಸೇತುವೆ ಮೇಲೆ ಮೆರವಣಿಗೆ ಹೋದರು. ಸೇತುವೆಯೇ ನಡುಗಿತು ಅಂತ ಅಲ್ಲಿನವರು ಇವತ್ತಿಗೂ ಹೇಳ್ತಾರೆ. ವರ್ಷ ಮುಗಿಯೋದರೊಳಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಳ್ಳೋ ತೀರ್ಮಾನಕ್ಕೆ ಬಂತು.

ಮರುವರ್ಷ ಹೈಟಿಯಲ್ಲಿ ಸೈನ್ಯ ಚುನಾಯಿತ ಅಧ್ಯಕ್ಷ ಅರಿಸ್ಟೀಡ್‌ರನ್ನು ಕಿತ್ತುಹಾಕಿತು. ಪ್ರಾಣ ಉಳಿಸಿಕೊಳ್ಳೋಕೆ ಜನ ಮರದ ದೋಣಿಗಳಲ್ಲಿ ಸಮುದ್ರಕ್ಕಿಳಿದರು. ಅಮೆರಿಕಾ ಅವರನ್ನು ನಡುಸಮುದ್ರದಲ್ಲೇ ಹಿಡಿದು ಗ್ವಾಂಟನಾಮೊ ನೆಲೆಯಲ್ಲಿ ಕೂಡಿಹಾಕಿತು, ಸಾವಿರಾರು ಜನರನ್ನು ವಾಪಸ್ ಅಟ್ಟಿತು. ಶಾಲೆಯಲ್ಲಿ, ಬೀದಿಯಲ್ಲಿ ಹೈಟಿ ಮಕ್ಕಳಿಗೆ 'ರೆಫ್ಯೂಜಿ' ಅನ್ನೋದೇ ಬೈಗುಳ.

ವೈಕ್ಲೆಫ್, ಹೈಟಿ ಮೂಲದ ಪ್ರಾಸ್, ಕಪ್ಪು ಅಮೆರಿಕನ್ ಹುಡುಗಿ ಲಾರಿನ್ ಹಿಲ್, ಮೂರು ಜನ ಸೇರಿ ತಂಡ ಕಟ್ಟಿದರು. ಹೆಸರು ಫ್ಯೂಜೀಸ್. ರೆಫ್ಯೂಜೀಸ್ ಅನ್ನೋದರ ತುಂಡು. ಬೈಗುಳವನ್ನೇ ಎತ್ತಿ ಹಣೆಗೆ ಹಚ್ಚಿಕೊಂಡರು. 1975ರಲ್ಲಿ ಸಿದ್ದಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟರಲ್ಲ, ಆ ಧೈರ್ಯ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸಂಬಂಧಿಕರ ಮನೆಯ ನೆಲಮಾಳಿಗೆಯ ಸ್ಟುಡಿಯೋದಲ್ಲಿ ಮಾಡಿದ ಅವರ ಎರಡನೇ ಆಲ್ಬಂ 'ದ ಸ್ಕೋರ್' 1996ರಲ್ಲಿ ಬಂತು. ಕೋಟಿಗೂ ಮೀರಿ ಮಾರಾಟ ಆಯಿತು. 1997ರಲ್ಲಿ ಎರಡು ಗ್ರಾಮಿ ಪ್ರಶಸ್ತಿ. ಆ ವೇದಿಕೆಗೆ ವೈಕ್ಲೆಫ್ ಹೈಟಿಯ ಬಾವುಟವನ್ನೇ ಮೈಮೇಲೆ ಹೊದ್ದುಕೊಂಡು ಹೋದ. ಏಳು ವರ್ಷದ ಹಿಂದೆ ಯಾರ ರಕ್ತ ಬೇಡ ಅಂದಿದ್ದರೋ ಅವರ ಬಾವುಟ. ಊರಲ್ಲಿ ನೀಲಿ ಶಾಲು ಹಾಕ್ಕೊಂಡು ಓಡಾಡೋಕೆ ಹೆದರುತ್ತಿದ್ದ ಕಾಲ ಕಂಡ ನಮ್ಮಂಥವರಿಗೆ ಆ ದೃಶ್ಯ ನೋಡಿದರೆ ಗಂಟಲು ಕಟ್ಟುತ್ತೆ.

ಅದೇ ವರ್ಷ ಬಂದ 'ದ ಕಾರ್ನಿವಲ್' ಆಲ್ಬಂನ ಕೊನೆಯಲ್ಲಿ ಕ್ರಿಯೋಲ್ ಹಾಡುಗಳನ್ನು ಹಾಡಿದ. ಹೈಟಿಯಲ್ಲಿ ಕೋರ್ಟು ಕಚೇರಿ, ದೊಡ್ಡವರ ಮನೆ ಎಲ್ಲಾ ಕಡೆ ಫ್ರೆಂಚ್. ಕ್ರಿಯೋಲ್ ಅಂದರೆ ಕೂಲಿಯವರ ಮಾತು ಅಂತ ಮೂಗು ಮುರಿಯುತ್ತಿದ್ದರು. 1987ರ ಸಂವಿಧಾನ ಬರೋ ತನಕ ಅದಕ್ಕೆ ಫ್ರೆಂಚಿಗೆ ಸಮನಾದ ಸ್ಥಾನ ಸಿಕ್ಕಿರಲಿಲ್ಲ. ಆ ಭಾಷೆಯನ್ನು ಆತ ಜಗತ್ತಿನ ಅಂಗಡಿಗೆ ತಂದಿಟ್ಟ.

ಹಾಡಿ ಮನೆಗೆ ಹೋದವನಲ್ಲ. 1999ರಲ್ಲಿ ನ್ಯೂಯಾರ್ಕ್ ಪೊಲೀಸರು ಅಮಾದು ಡಿಯಾಲೋ ಅನ್ನೋ ಗಿನಿ ದೇಶದ 23ರ ಹುಡುಗನ ಮೇಲೆ ಅವನ ಮನೆ ಬಾಗಿಲಲ್ಲೇ 41 ಗುಂಡು ಹಾರಿಸಿದರು. ಅವನ ಹತ್ತಿರ ಆಯುಧ ಇರಲಿಲ್ಲ, ಪರ್ಸ್ ಇತ್ತು. ನಾಲ್ಕೂ ಪೊಲೀಸರು 2000ದಲ್ಲಿ ಖುಲಾಸೆ ಆದರು. ವೈಕ್ಲೆಫ್ ಅವನ ಹೆಸರಲ್ಲೇ ಹಾಡು ಮಾಡಿದ. 2002ರಲ್ಲಿ ನ್ಯೂಯಾರ್ಕ್ ಶಾಲೆಗಳ ಬಜೆಟ್ ಕಡಿತ ಮಾಡಬೇಡಿ ಅಂತ ಸಿಟಿ ಹಾಲ್ ಮುಂದೆ ನಡೆದ ಪ್ರತಿಭಟನೆಯಲ್ಲಿ ಅರೆಸ್ಟ್ ಆದ. 2001ರಲ್ಲಿ ಶುರು ಮಾಡಿ 2005ರಲ್ಲಿ 'ಯೆಲೆ ಹೈಟಿ' ಅಂತ ಹೆಸರಿಟ್ಟ ತನ್ನ ಸಂಸ್ಥೆ ಮೂಲಕ, ಚಂಡಮಾರುತಕ್ಕೆ ಸಿಕ್ಕಿ ನಲುಗಿದ ಗೊನಾಯೀವ್ ಊರಿನ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡಿಸಿದ. ಕೊಳೆಗೇರಿಗಳಿಗೆ ಅಕ್ಕಿ ಮುಟ್ಟಿಸಿದ. 2007ರಲ್ಲಿ ಹೈಟಿ ಸರ್ಕಾರ ಅವನನ್ನು ತನ್ನ ಸಂಚಾರಿ ರಾಯಭಾರಿ ಮಾಡಿತು.

ಇಷ್ಟೂ ನಿಜ. ನನ್ನ ಹುಡುಗ ಇಷ್ಟನ್ನೂ ಬರೆದಿದ್ದ.

2010ರ ಜನವರಿ 12ರ ಸಂಜೆ ಹೈಟಿಯ ನೆಲ ನಡುಗಿತು. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಸತ್ತವರು ಎರಡು ಲಕ್ಷಕ್ಕೂ ಹೆಚ್ಚು. ವೈಕ್ಲೆಫ್ ಮರುದಿನವೇ ಹೊರಟುಹೋದ. ಬೀದಿಯಲ್ಲಿ ಬಿದ್ದ ಹೆಣಗಳನ್ನು ಕೈಯಾರೆ ಹೊತ್ತು ಸ್ಮಶಾನಕ್ಕೆ ಸಾಗಿಸಿದ. ಅದಕ್ಕೂ ಮೊದಲು ಜನರಿಗೆ ಒಂದು ಮಾತು ಕೇಳಿದ್ದ: ಮೊಬೈಲಿನಿಂದ ಒಂದು ಮೆಸೇಜ್ ಕಳಿಸಿ, ನಿಮ್ಮ ಬಿಲ್ಲಿಗೆ ಐದು ಡಾಲರ್ ಸೇರುತ್ತೆ, ಅದು ಹೈಟಿಗೆ ಹೋಗುತ್ತೆ. ಆ ವರ್ಷ ಯೆಲೆಗೆ ಬಂದ ಹಣ ಸುಮಾರು 1 ಕೋಟಿ 60 ಲಕ್ಷ ಡಾಲರ್. ಐದೈದು ಡಾಲರ್ ಕೊಟ್ಟವರು ಯಾರು? ಹೋಟೆಲಲ್ಲಿ ತಟ್ಟೆ ತೊಳೆಯೋರು, ಟ್ಯಾಕ್ಸಿ ಓಡಿಸೋರು, ಶಾಲೆ ಮಕ್ಕಳು. ಅವನ ಮುಖ ನೋಡಿ, ಅವನ ಹಾಡು ನಂಬಿ ಕೊಟ್ಟರು.

ನನ್ನ ಹುಡುಗ ಬಿಟ್ಟಿದ್ದು ಇಲ್ಲಿಂದ ಮುಂದಿನ ಭಾಗ.

ಭೂಕಂಪ ಆಗಿ ಎರಡೇ ದಿನಕ್ಕೆ ಯೆಲೆಯ ಹಳೆಯ ತೆರಿಗೆ ಕಾಗದಗಳು ಸುದ್ದಿಯಾದವು. ಮೂರು ವರ್ಷದ ರಿಟರ್ನ್ಸ್ ಒಟ್ಟಿಗೆ 2009ರಲ್ಲಿ ಸಲ್ಲಿಸಿದ್ದರು. 2006ರಲ್ಲಿ ಮೊನಾಕೊದಲ್ಲಿ ನಡೆದ ಸಹಾಯಾರ್ಥ ಕಾರ್ಯಕ್ರಮಕ್ಕೆ ವೈಕ್ಲೆಫ್ ಹಾಡಿದ್ದಕ್ಕೆ ಅಂತ ಒಂದು ಲಕ್ಷ ಡಾಲರ್ ಸಂಸ್ಥೆಯಿಂದಲೇ ಹೋಗಿತ್ತು. ಆತನೂ ಅವನ ಸಂಬಂಧಿಯೂ ಪಾಲುದಾರರಾಗಿದ್ದ ಹೈಟಿಯ ಟಿವಿ ಚಾನೆಲ್ಲಿಗೆ ಎರಡೂವರೆ ಲಕ್ಷ ಡಾಲರ್. ಅವರದೇ ಸ್ಟುಡಿಯೋಗೆ ಬಾಡಿಗೆ 31,200 ಡಾಲರ್. ವೈಕ್ಲೆಫ್ ಪತ್ರಿಕಾಗೋಷ್ಠಿ ಕರೆದು ಕಣ್ಣೀರು ಹಾಕಿದ. ತಾನು ಸ್ವಂತಕ್ಕೆ ಒಂದು ಪೈಸೆ ಮುಟ್ಟಿಲ್ಲ ಅಂದ. ಇವತ್ತಿಗೂ ಅದನ್ನೇ ಹೇಳ್ತಾನೆ.

ಆಗಸ್ಟಿನಲ್ಲಿ ಹೈಟಿಯ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೀನಿ ಅಂತ ಘೋಷಿಸಿದ. ದೇಶದಲ್ಲಿ ಸತತ ಐದು ವರ್ಷ ವಾಸ ಇಲ್ಲ ಅನ್ನೋ ಕಾರಣಕ್ಕೆ ಚುನಾವಣಾ ಮಂಡಳಿ ನಾಮಪತ್ರ ತಳ್ಳಿಹಾಕಿತು. 2012ರಲ್ಲಿ ಯೆಲೆ ಬಾಗಿಲು ಹಾಕಿತು. ಆ ವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನಿಖೆಯ ವಿವರ ಬರೆಯಿತು. ನ್ಯೂಯಾರ್ಕಿನ ಅಟಾರ್ನಿ ಜನರಲ್ ಮಾಡಿಸಿದ ಲೆಕ್ಕಪರಿಶೋಧನೆ ಪ್ರಕಾರ, ಭೂಕಂಪಕ್ಕೂ ಮೊದಲಿನ ಐದು ವರ್ಷಗಳಲ್ಲೇ ವೈಕ್ಲೆಫ್ ಮತ್ತು ಸಂಸ್ಥೆಯ ಇತರರಿಗೆ ಸಲ್ಲಬಾರದ ರೀತಿಯಲ್ಲಿ ಸಂದ ಸವಲತ್ತು 2,56,580 ಡಾಲರ್. ಸಿನಿಮಾ ನಟಿಯೊಬ್ಬಳನ್ನು ಸಹಾಯಾರ್ಥ ಕಾರ್ಯಕ್ರಮಕ್ಕೆ ಕರೆತರೋಕೆ ಖಾಸಗಿ ವಿಮಾನಕ್ಕೆ 30,763 ಡಾಲರ್, ಆ ಕಾರ್ಯಕ್ರಮದಿಂದ ಬಂದಿದ್ದು 66,000. ಭೂಕಂಪದ ವರ್ಷ ಖರ್ಚಾದ 90 ಲಕ್ಷ ಡಾಲರಲ್ಲಿ ಅರ್ಧ ಹೋಗಿದ್ದು ಓಡಾಟ, ಸಂಬಳ, ಸಲಹೆಗಾರರ ಫೀಸು, ಆಫೀಸು ಗೋದಾಮಿಗೆ. ಸಂಸ್ಥೆ ಮುಚ್ಚಿದಾಗ ಹೈಟಿಯಲ್ಲಿ ಕೆಲಸ ಮಾಡಿಕೊಟ್ಟವರ ಬಾಕಿ ಹಾಗೇ ಉಳಿಯಿತು.

ನಾನು ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಕಚೇರಿಯಲ್ಲಿ ವೋಚರು, ಬಿಲ್ಲು, ಕ್ಯಾಷ್ ಬುಕ್ಕು ನೋಡ್ತಿದ್ದೀನಿ. ಈ ಅಂಕಿಗಳನ್ನು ಓದಿದಾಗ ನನಗೆ ಕಂಡಿದ್ದು ರಾತ್ರೋರಾತ್ರಿ ಗೋಣಿಚೀಲದಲ್ಲಿ ದುಡ್ಡು ತುಂಬಿಕೊಂಡು ಓಡಿದ ಕಳ್ಳನ ಚಿತ್ರ ಅಲ್ಲ. ಬಹಳ ಪರಿಚಯದ ಇನ್ನೊಂದು ಚಿತ್ರ. ಸಂಘ ಅಂದರೆ ಅಣ್ಣ, ಅಣ್ಣ ಅಂದರೆ ಸಂಘ. ಅಣ್ಣನ ಕಾರು ಸಂಘದ ಕಾರು, ಅಣ್ಣನ ತಮ್ಮನ ಅಂಗಡಿಯಲ್ಲೇ ಸಂಘದ ಪ್ರಿಂಟಿಂಗು. ಅಣ್ಣ ಬರಲಿಲ್ಲ ಅಂದರೆ ಜನ ಬರಲ್ಲ, ಹಾಗಾಗಿ ಅಣ್ಣ ಬರೋ ಖರ್ಚು ಸಂಘದ ಖರ್ಚು. ಎಲ್ಲಕ್ಕೂ ಒಂದು ಕಾರಣ ಇದೆ, ಯಾವುದಕ್ಕೂ ರಸೀದಿ ಇಲ್ಲ. ಕೇಳೋಕೆ ಯಾರಿಗೂ ಬಾಯಿ ಬರಲ್ಲ, ಯಾಕಂದ್ರೆ ನಮಗೆಲ್ಲ ಬಾಯಿ ಕೊಟ್ಟವನೇ ಅಣ್ಣ.

ಈಗ ನನ್ನ ಹುಡುಗನ ಪ್ರಶ್ನೆಗೆ ಬರ್ತೀನಿ. 'ಬೈಯೋಕೆ ಅವರು ಇದ್ದಾರಲ್ಲ.' ಹೌದು, ಇದ್ದಾರೆ. ಅವರ ಲೆಕ್ಕವನ್ನೂ ನೋಡೋಣ.

ಅದೇ ಭೂಕಂಪಕ್ಕೆ ಅಮೆರಿಕನ್ ರೆಡ್ ಕ್ರಾಸ್ ಎತ್ತಿದ ಹಣ ಸುಮಾರು 50 ಕೋಟಿ ಡಾಲರ್. ಯೆಲೆಗೆ ಬಂದದ್ದರ ಮೂವತ್ತು ಪಟ್ಟು. 2015ರಲ್ಲಿ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಪತ್ರಕರ್ತರು ಹೋಗಿ ನೋಡಿದಾಗ, ಆ ಸಂಸ್ಥೆ ಕಟ್ಟಿದ ಕಾಯಂ ಮನೆಗಳು ಆರು ಅಂತ ವರದಿ ಮಾಡಿದರು. ಆರು ಸಾವಿರ ಅಲ್ಲ, ಆರು! ಆ ವರದಿಯನ್ನು ರೆಡ್ ಕ್ರಾಸ್ ಒಪ್ಪಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಭೂಕಂಪದ ತುರ್ತು ನೆರವು ಅಂತ ಜಗತ್ತಿನ ದೇಶಗಳು ಕೊಟ್ಟ ಹಣದಲ್ಲಿ ಹೈಟಿ ಸರ್ಕಾರದ ಕೈಗೆ ಹೋಗಿದ್ದು ನೂರಕ್ಕೆ ಒಂದು ಭಾಗದಷ್ಟು. ಉಳಿದದ್ದು ಹೊರಗಿನ ಸಂಸ್ಥೆ, ಸೈನ್ಯ, ಕಂಟ್ರಾಕ್ಟರುಗಳ ಮೂಲಕ. ಯಾಕೆ ಅಂದರೆ ಹೈಟಿಯವರು ಭ್ರಷ್ಟರು ಅಂತೆ.

ಇನ್ನೊಂದು. 2010ರ ಅಕ್ಟೋಬರಿನಲ್ಲಿ ಹೈಟಿಯಲ್ಲಿ ಕಾಲರಾ ಹಬ್ಬಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಸೈನಿಕರ ಶಿಬಿರದ ಮಲ ನದಿಗೆ ಸೇರಿ ಬಂದ ರೋಗ. ಹತ್ತು ಸಾವಿರದ ಹತ್ತಿರ ಜನ ಸತ್ತರು. ವಿಶ್ವಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಆರು ವರ್ಷ! ಕಾಲರಾಗೆ ಪರಿಹಾರ ಕೇಳಿ ಹೋದ ಹೈಟಿಯವರ ಕೇಸು ಅಮೆರಿಕಾದ ಕೋರ್ಟಿನಲ್ಲಿ ನಿಲ್ಲಲಿಲ್ಲ. ವಿಶ್ವಸಂಸ್ಥೆಗೆ ಕಾನೂನಿನ ರಕ್ಷಣೆ ಇದೆ ಅಂದರು.

ಹಾಗಾದರೆ ಜಗತ್ತಿಗೆ ನೆನಪಿರೋ ಹೈಟಿ ಕಳ್ಳ ಯಾರು? ಬಾವುಟ ಹೊದ್ದ ಕಪ್ಪು ಹಾಡುಗಾರ. ಅವರು ತಪ್ಪು ಮಾಡಿದರೆ 'ನಿರ್ವಹಣೆಯ ಲೋಪ', ನಮ್ಮವನು ಮಾಡಿದರೆ 'ಇವರ ಬುದ್ಧಿಯೇ ಹೀಗೆ'. ನಮ್ಮ ಕಚೇರಿಗಳಲ್ಲೂ ನೋಡಿದ್ದೀವಿ. ಮೀಸಲಾತಿಯಲ್ಲಿ ಬಂದವರು ಒಂದು ಫೈಲ್ ತಪ್ಪು ಮಾಡಿದರೆ ತಪ್ಪು ಇಡೀ ಕೇರಿಯದು. ಪಕ್ಕದ ಟೇಬಲ್ಲಿನವರು ಅದೇ ತಪ್ಪು ಮಾಡಿದರೆ ಅದು ಅವತ್ತಿನ ಕೆಲಸದ ಒತ್ತಡ. ಈ ಎರಡು ತಕ್ಕಡಿ ಇರೋದು ನಿಜ. ಇದನ್ನ ಹೇಳದೆ ಯೆಲೆ ಬಗ್ಗೆ ಮಾತಾಡುವವರನ್ನು ನಾನು ನಂಬಲ್ಲ.

ಆದರೆ ನನ್ನ ಹುಡುಗ ಇಲ್ಲಿಗೇ ನಿಲ್ಲಿಸಬೇಕು ಅಂತಾನೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು ಅಂತೀನಿ.

ರೆಡ್ ಕ್ರಾಸ್ ದುಡ್ಡು ಕೆಡಿಸಿದರೆ ಹೈಟಿಯವರು 'ಇವರು ಯಾವಾಗಲೂ ಹೀಗೇ' ಅಂದುಕೊಳ್ಳುತ್ತಾರೆ. ಅವರಿಗೆ ಅದು ಹೊಸದಲ್ಲ, 1825ರಿಂದ ನೋಡಿದ್ದಾರೆ. ಆದರೆ ತಮ್ಮ ಭಾಷೆಯಲ್ಲಿ ಹಾಡಿದವನು, ತಮ್ಮ ಹೆಣ ಹೊತ್ತವನು ದುಡ್ಡು ಕೆಡಿಸಿದರೆ? ಟೆಂಟಿನಲ್ಲಿ ಕೂತ ಹೆಂಗಸಿಗೆ ಎರಡೂ ಕಡೆಯಿಂದ ಬಂದಿದ್ದು ಖಾಲಿ ಕೈ. ನಮ್ಮವನು ಅನ್ನೋ ಕಾರಣಕ್ಕೆ ಅವಳ ಹಸಿವು ಕಡಿಮೆ ಆಗಲ್ಲ. ನಮ್ಮವನ ಮಾನ ಉಳಿಸಬೇಕು ಅಂತ ನಾವು ಯೋಚಿಸುವಾಗ ಅವಳೂ ನಮ್ಮವಳೇ ಅನ್ನೋದು ಮರೆತುಹೋಗುತ್ತೆ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ನನ್ನ ಬದುಕಿನದೇ ಒಂದು ವಿಷಯ ಇದೆ.

ಕೆಲವು ವರ್ಷದ ಹಿಂದೆ ಮಳೆಗೆ ಗೋಡೆ ಬಿದ್ದು ನಮ್ಮ ಕಡೆಯ ಒಂದು ಕೇರಿಯಲ್ಲಿ ಮನೆ ಯಜಮಾನ ತೀರಿಕೊಂಡರು. ನಾವೆಲ್ಲ ಸೇರಿ ದುಡ್ಡು ಎತ್ತಿದೆವು. ಪೌರಕಾರ್ಮಿಕರು ಐವತ್ತು ನೂರು ಕೊಟ್ಟರು, ಹಾಸ್ಟೆಲ್ ಹುಡುಗರು ಇಪ್ಪತ್ತು ಕೊಟ್ಟರು. ಒಟ್ಟು 1,84,000 ಚಿಲ್ಲರೆ. ಬಂದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದವಳು ನಾನೇ. ಹೋಗಿದ್ದನ್ನು ಬರೆಯೋ ಅವಕಾಶ ನನಗೆ ಸಿಗಲಿಲ್ಲ. ಕುಟುಂಬಕ್ಕೆ ವೇದಿಕೆ ಮೇಲೆ 1,20,000ದ ಚೆಕ್ಕು ಕೊಟ್ಟೆವು. ಉಳಿದದ್ದು ಪೆಂಡಾಲು, ಫ್ಲೆಕ್ಸು, ಗಾಡಿ ಬಾಡಿಗೆ, ಊಟ. ಇರಬಹುದು. ನಿಜವಾಗಲೂ ಅಷ್ಟು ಆಗಿರಬಹುದು. ನಮ್ಮ ಅಣ್ಣ ಕದ್ದರು ಅಂತ ನಾನು ಅವತ್ತೂ ಅಂದುಕೊಳ್ಳಲಿಲ್ಲ, ಇವತ್ತೂ ಅಂದುಕೊಳ್ಳಲ್ಲ. ಬರೆಯಲಿಲ್ಲ ಅಂತ ಹೇಳ್ತಿದ್ದೀನಿ. ನಾನು ಕೇಳಲಿಲ್ಲ ಅಂತಾನೂ ಹೇಳ್ತಿದ್ದೀನಿ. ಸಭೆಯಲ್ಲಿ ಮೈಕ್ ಹಿಡಿಯೋಕೆ ನನಗೆ ಕಲಿಸಿದವರು ಅವರು. ಅವರನ್ನ 'ಅಣ್ಣಾ, ಬಿಲ್ ಕೊಡಿ' ಅಂತ ಹೆಂಗೆ ಕೇಳೋದು?

ನಾಲ್ಕು ತಿಂಗಳಾದ ಮೇಲೆ ಆ ಹೆಣ್ಣುಮಗಳು ವಿಧವಾ ವೇತನದ ಅರ್ಜಿ ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಕೆಲಸ ಮುಗಿಸಿ ಹೊರಡುವಾಗ ತಗ್ಗಿದ ದನಿಯಲ್ಲಿ 'ಅಕ್ಕಾ, ತುಂಬಾ ದುಡ್ಡು ಬಂದಿತ್ತು ಅಂತಾರೆ ಜನ. ಇನ್ನೇನಾದ್ರೂ ಬರೋದಿದೆಯಾ?' ಅಂದರು. ದೂರು ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು. 'ಇಲ್ಲಮ್ಮ, ಅಷ್ಟೇ' ಅಂದೆ. ಅಷ್ಟೇ ಅನ್ನೋದಕ್ಕೆ ನನ್ನ ಹತ್ತಿರ ಒಂದು ಕಾಗದ ಇರಲಿಲ್ಲ. ಎಷ್ಟು ಫೈಲಿಗೆ ದಾಖಲೆ ಇಲ್ಲ ಅಂತ ಬೇರೆಯವರ ಅರ್ಜಿ ವಾಪಸ್ ಕಳಿಸಿದ್ದೀನೋ, ಅವತ್ತು ನನ್ನ ಮಾತಿಗೇ ದಾಖಲೆ ಇರಲಿಲ್ಲ.

ವೈಕ್ಲೆಫ್ ಕಣ್ಣೀರು ಹಾಕಿದ ವಿಡಿಯೋ ನೋಡಿದಾಗೆಲ್ಲ ನನಗೆ ಆಯಮ್ಮನ ಮುಖ ನೆನಪಾಗುತ್ತೆ. ಆತ ಸುಳ್ಳು ಅಳುತ್ತಿದ್ದ ಅಂತ ನನಗೆ ಅನ್ನಿಸಲ್ಲ. ಪ್ರೀತಿ ನಿಜವೇ ಇತ್ತು. ಪ್ರೀತಿ ಇದ್ದರೆ ಲೆಕ್ಕ ತಾನಾಗೇ ಸರಿ ಇರುತ್ತೆ ಅಂತ ನಾವು ಅಂದುಕೊಳ್ಳೋದೇ ಎಡವಟ್ಟು.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಭಾಷಣದಲ್ಲಿ ಕೊಟ್ಟ ಎಚ್ಚರಿಕೆ ನಮಗೆಲ್ಲ ಗೊತ್ತು. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿ ಇರಬಹುದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅನ್ನೋ ಅರ್ಥದ ಮಾತು. ಅದನ್ನ ನಾವು ದೆಹಲಿಯವರಿಗೆ ಮಾತ್ರ ಹೇಳ್ತೀವಿ. ನಮ್ಮ ತಾಲೂಕು ಘಟಕಕ್ಕೂ ಅದು ಅನ್ವಯ ಆಗುತ್ತೆ. 1946ರಲ್ಲಿ ಬಾಬಾಸಾಹೇಬರು ಅಮೆರಿಕಾದ ಡಬ್ಲ್ಯೂ. ಇ. ಬಿ. ಡುಬೊಯಿಸ್ ಅವರಿಗೆ ಕಾಗದ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಕೊಡುತ್ತಿದ್ದ ಮನವಿಯ ಪ್ರತಿ ಕಳಿಸಿಕೊಡಿ ಅಂತ ಕೇಳಿದ್ದರು. ಅವರಿಂದ ಕಲಿಯೋದು ನಮಗೆ ಹೊಸದಲ್ಲ. ಕಪ್ಪು ಜನರ ಗೆಲುವಿನಿಂದ ಕಲಿತ ಹಾಗೆ ಸೋಲಿನಿಂದಲೂ ಕಲಿಯಬೇಕು.

ಕೆಲವರು ಹೇಳ್ತಾರೆ, 'ಇದನ್ನ ಒಳಗೆ ಕೂತು ಮಾತಾಡಿ ಅಕ್ಕ, ಹೊರಗೆ ಬರೆದರೆ ಅವರ ಕೈಗೆ ದೊಣ್ಣೆ ಕೊಟ್ಟಂಗೆ.' ಒಳಗೆ ಕೂತು ಎಷ್ಟು ವರ್ಷ ಆಯ್ತು? ಒಳಗೆ ಮಾತಾಡಿದ್ದು ಒಳಗೇ ಸತ್ತುಹೋಗುತ್ತೆ. ಯೆಲೆಯ ಮೂರು ವರ್ಷದ ರಿಟರ್ನ್ಸ್ ಆಯಾ ವರ್ಷವೇ ಹೊರಗೆ ಬಂದಿದ್ದರೆ, ಭೂಕಂಪ ಆಗೋದಕ್ಕೆ ಮುಂಚೆಯೇ ಯಾರೋ ಹೈಟಿಯವರು, ಯಾರೋ ಅಭಿಮಾನಿ 'ವೈಕ್ಲೆಫ್, ಇದೇನಪ್ಪ?' ಅಂತ ಪ್ರೀತಿಯಿಂದ ಕೇಳುತ್ತಿದ್ದರು. ಆ ಪ್ರಶ್ನೆ ಸಂಸ್ಥೆಯನ್ನು ಉಳಿಸುತ್ತಿತ್ತು. ನಮ್ಮವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೊನೆಗೆ ಪರರು ಕೇಳಿದರು. ಅವರು ಕೇಳುವಾಗ ಅದರಲ್ಲಿ ಪ್ರೀತಿ ಇರಲಿಲ್ಲ. ದೊಣ್ಣೆ ಸಿಕ್ಕಿದ್ದು ಲೆಕ್ಕ ಬರೆಯದೆ ಇದ್ದದ್ದರಿಂದ.

ಈಗ ನನ್ನ ಕೋರಿಕೆ. ಮುಂದಿನ ತಿಂಗಳು ನಮ್ಮ ಕಡೆ ಮತ್ತೆ ಒಂದು ಕುಟುಂಬಕ್ಕೆ ದುಡ್ಡು ಎತ್ತೋ ಮಾತು ನಡೀತಿದೆ. ನಿಮ್ಮ ಊರುಗಳಲ್ಲೂ ಜಯಂತಿಗೆ, ಕೇಸಿಗೆ, ಆಸ್ಪತ್ರೆಗೆ ಅಂತ ಕ್ಯೂಆರ್ ಕೋಡ್ ಓಡಾಡುತ್ತಲೇ ಇರುತ್ತೆ. ಒಂದು, ಹಣ ಒಬ್ಬರ ಸ್ವಂತ ಖಾತೆಗೆ ಬರೋದು ಬೇಡ. ಇಬ್ಬರ ಸಹಿ ಇರೋ ಖಾತೆ ಇರಲಿ, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಎರಡು, ವೇದಿಕೆ ಮೇಲೆ ಮಾತಾಡೋರು ಹಣದ ಚೀಲ ಹಿಡಿಯೋದು ಬೇಡ, ಎರಡೂ ಕೆಲಸ ಒಬ್ಬರಿಗೆ ಕೊಡೋದು ಅವರಿಗೂ ಅನ್ಯಾಯ. ಮೂರು, ಕಾರ್ಯಕ್ರಮ ಮುಗಿದ ಹದಿನೈದು ದಿನದೊಳಗೆ ಬಂದದ್ದು ಹೋಗಿದ್ದು ಒಂದು ಹಾಳೆಯಲ್ಲಿ ಬರೆದು ಕೇರಿಯ ಅಂಬೇಡ್ಕರ್ ಭವನದ ಗೋಡೆಗೆ ಅಂಟಿಸಿ. ಪೆಂಡಾಲಿಗೆ ಹೋಗಿದ್ದರೆ ಪೆಂಡಾಲು ಅಂತಲೇ ಬರೀರಿ. ಜನ ಒಪ್ಪುತ್ತಾರೆ. ಮೊದಲ ಪ್ರತಿಯನ್ನು ಯಾರಿಗೆ ಅಂತ ಎತ್ತಿದ್ದೀವೋ ಆ ಕುಟುಂಬದ ಕೈಗೆ ಕೊಡಿ.

ಲೆಕ್ಕ ಬರೆಯೋ ಕೆಲಸಕ್ಕೆ ಯಾರೂ ಸಿಗಲಿಲ್ಲ ಅಂದರೆ ನನಗೆ ಹೇಳಿ. ಭಾನುವಾರ ಬಿಡುವಿರುತ್ತೆ, ಬಂದು ಬರೆದುಕೊಡ್ತೀನಿ. ಆ ಹಳೆಯ 1,84,000ದ ಬಾಬತ್ತಿಗೂ ನನಗೆ ನೆನಪಿರೋ ಅಷ್ಟನ್ನು ಬರೆದಿದ್ದೀನಿ. ಈ ವಾರ ಅಣ್ಣನ ಮನೆಗೆ ಹೋಗ್ತೀನಿ, ಉಳಿದ ಸಾಲು ತುಂಬಿಸಿ ಕೊಡಿ ಅಂತ ಕೇಳ್ತೀನಿ. ಈ ಪೋಸ್ಟ್ ಹಾಕೋದಕ್ಕೆ ಮುಂಚೆ ಅವರಿಗೆ ಫೋನ್ ಮಾಡಿ ಹೇಳಿದ್ದೀನಿ. 'ಬಾ' ಅಂದಿದ್ದಾರೆ.

ನಿನ್ನೆ ರಾತ್ರಿ ಹುಡುಗ ಐದನೇ ಪುಟ ಕಳಿಸಿದ. ಬಾವುಟ ಹೊದ್ದ ವೈಕ್ಲೆಫ್ ಮೊದಲ ಪುಟದಲ್ಲಿ ಹಾಗೇ ಇದ್ದಾನೆ. ಐದನೇ ಪುಟದಲ್ಲಿ ಆ ಡಾಲರ್ ಲೆಕ್ಕ ಇದೆ, ರೆಡ್ ಕ್ರಾಸಿನ ಆರು ಮನೆಯೂ ಇದೆ. ಕೊನೆಯಲ್ಲಿ ನನಗೆ ಒಂದು ಸಾಲು ಬರೆದಿದ್ದ: 'ಚಿಕ್ಕಮ್ಮ, ನಮ್ಮ ಹಾಸ್ಟೆಲ್ ಕಾರ್ಯಕ್ರಮಕ್ಕೂ 6,400 ಕಲೆಕ್ಷನ್ ಆಗಿದೆ. ಲೆಕ್ಕ ನೀವು ನೋಡಿ ಕೊಡ್ತೀರಾ?'

ಬಿಲ್ ಇಟ್ಟುಕೋ ಮಗಾ ಅಂತ ಹೇಳಿದ್ದೀನಿ.

ಜೈ ಭೀಮ್.